ಕೆಂಪು ಟಿಕ್ ಹಾಕುವವರು

ಮದುವೆಯ ಕರೆಯೋಲೆಗೆ ಟಿಕ್ ಹಾಕುವವರನ್ನು ನನ್ನ ಜೀವಮಾನದಲ್ಲಿ ನಾನು ಕಂಡಿದ್ದು ಒಬ್ಬರನ್ನೇ. ಮೈಸೂರಿನಿಂದ ನನ್ನ ತಂಗಿಯ ಮದುವೆಯ ಪತ್ರಿಕೆ ಬಂದಿತ್ತು. ಅರಿಶಿನ ಹಚ್ಚಿದ ಮೂಲೆ ಮಡಚದ ಹಾಗೆ ಅದನ್ನು ಟಿ.ವಿ. ಮೇಲೆ ಒರಗಿಸಿ ಇಟ್ಟಿದ್ದೆ. ಅವರು ಬಂದರು, ಸೋಫಾದಲ್ಲಿ ಕೂತರು, ಜೇಬಿನಿಂದ ಕೆಂಪು ಪೆನ್ ತೆಗೆದರು. ಮುಹೂರ್ತದ ಸಾಲಿಗೆ ಒಂದು, ಛತ್ರದ ವಿಳಾಸಕ್ಕೆ ಒಂದು ಟಿಕ್ ಹಾಕಿ, ಪತ್ರಿಕೆಯನ್ನು ಮತ್ತೆ ಟಿ.ವಿ. ಮೇಲೆ ಇಟ್ಟರು. ನಾನು ನೋಡುತ್ತಾ ನಿಂತಿದ್ದನ್ನು ಗಮನಿಸಿ, "ಓದಿದ್ದಕ್ಕೆ ಒಂದು ಸಾಕ್ಷಿ ಬೇಕಲ್ಲಮ್ಮಾ" ಅಂದರು.

ಅವರಿಗೆ ಅದು ಅಭ್ಯಾಸ. ಪಿಜ್ಜಾ ಅಂಗಡಿಯ ಜಾಹೀರಾತು, ಔಷಧಿ ಡಬ್ಬಿಯ ಚೀಟಿ, ಕೈಗೆ ಸಿಕ್ಕಿದ್ದಕ್ಕೆಲ್ಲ ಟಿಕ್. ಎಲ್ಲ ಸಾಲಿಗೂ ಅಲ್ಲ. ತಮಗೆ ಮುಖ್ಯ ಅನಿಸಿದ ಸಾಲಿಗೆ ಮಾತ್ರ. ಒಮ್ಮೆ ನನ್ನ ಮಗಳು ಶ್ರುತಿಯ ರಿಪೋರ್ಟ್ ಕಾರ್ಡಿಗೂ ಬಿತ್ತು. ಅವಳಿಗೆ ಆಗ ಏಳು ವರ್ಷ. ಅವರು ಹೋದ ಮೇಲೆ, "ಅಮ್ಮಾ, ಈಸ್ ಹಿ ಮೈ ಟೀಚರ್ಸ್ ಟೀಚರ್?" ಎಂದು ಕೇಳಿದಳು. ನಮ್ಮ ಯಜಮಾನರು ನಕ್ಕರು. ನನಗೆ ನಗು ಬರಲಿಲ್ಲ.

ಹೋದ ತಿಂಗಳು ಅವರು ಬಡ್ತಿ ಪಡೆದು ಅಟ್ಲಾಂಟಾಗೆ ಹೊರಟುಹೋದರು. ಅವರ ಹೆಂಡತಿ ಮೊದಲಿನಿಂದಲೂ ಅಲ್ಲೇ ಡಾಕ್ಟರು. ನಮ್ಮ ಕನ್ನಡ ಕೂಟದ ಪತ್ರಿಕೆಯವರು ಫೋನ್ ಮಾಡಿ, ನೀವು ಅವರನ್ನು ಹತ್ತಿರದಿಂದ ಕಂಡವರು, ಬೀಳ್ಕೊಡುಗೆಯ ಸಂಚಿಕೆಗೆ ನಾಲ್ಕು ಒಳ್ಳೆಯ ಮಾತು ಬರೆದುಕೊಡಿ ಎಂದು ಕೇಳಿದರು. ಹತ್ತಿರದಿಂದ ಕಂಡಿದ್ದೇನೋ ನಿಜ. ಹೆಸರು ಹಾಕುವುದಿಲ್ಲ ಎಂಬ ಷರತ್ತಿನ ಮೇಲೆ ಒಪ್ಪಿಕೊಂಡೆ. ನಾನು ಅವರನ್ನು ಮನಸ್ಸಿನೊಳಗೆ ಸಾಹೇಬರು ಎಂದು ಕರೆಯುತ್ತಿದ್ದೆ. ಇಲ್ಲೂ ಹಾಗೇ ಇರಲಿ.

ಸಾಹೇಬರು ನಮ್ಮ ಸಾಲಿನಲ್ಲೇ, ಎರಡು ಮನೆ ಆಚೆಯ ಟೌನ್‌ಹೌಸಿನಲ್ಲಿ ಒಂಟಿಯಾಗಿದ್ದರು. ನಮ್ಮ ಮನೆಗೆ ಬಂದರೆ ಬಾಗಿಲಲ್ಲಿ ಬೂಟು ಬಿಡುತ್ತಿದ್ದರು. ಅಷ್ಟರ ಮಟ್ಟಿಗೆ ಸಂಸ್ಕಾರ. ಆಮೇಲೆ ನೇರ ಅಡುಗೆಮನೆಗೆ ಬಂದು ಒಲೆಯ ಮೇಲಿನ ಪಾತ್ರೆಗಳ ಮುಚ್ಚಳ ಒಂದೊಂದಾಗಿ ಎತ್ತಿ ನೋಡುತ್ತಿದ್ದರು. ಆಫೀಸಿನ ಬ್ಯಾಡ್ಜು ಭಾನುವಾರ ದೇವಸ್ಥಾನದಲ್ಲೂ ಕುತ್ತಿಗೆಯಲ್ಲಿ ನೇತಾಡುತ್ತಿತ್ತು. ಸೊಂಟದಲ್ಲಿ ಪೇಜರ್. ಅದು ಬಡಿದುಕೊಂಡಾಗ, ಮಂಗಳಾರತಿ ನಡೆಯುತ್ತಿದ್ದರೂ, ಒಂದು ಕೈಯಲ್ಲಿ ಆರತಿ ತಗೊಂಡು ಇನ್ನೊಂದು ಕೈಯಲ್ಲಿ ಅದನ್ನು ಎತ್ತಿ ಓದುತ್ತಿದ್ದರು. ನಾನು ತುಂಬಿ ಕಳಿಸಿದ ಸ್ಟೀಲ್ ಡಬ್ಬಿಗಳಲ್ಲಿ ಒಂದೂ ವಾಪಸ್ಸು ಬರುತ್ತಿರಲಿಲ್ಲ.

ನಮ್ಮ ಯಜಮಾನರು ಶ್ಯಾಂಟಿಲಿಯ ಒಂದು ಸಣ್ಣ ಕಂಪನಿಯಲ್ಲಿ ಪ್ರೋಗ್ರಾಮರ್, ಸಾಹೇಬರು ಅಲ್ಲಿ ಅವರ ಮ್ಯಾನೇಜರ್. ಸರ್ಕಾರದ ಕಾಂಟ್ರಾಕ್ಟು. ಕಂಪ್ಯೂಟರಿಗೆ ವಿಯೆಟ್ನಾಂ ಭಾಷೆ ಓದಲು ಕಲಿಸಬೇಕು. ನನಗೆ ಅರ್ಥವಾದ ಮಟ್ಟಿಗೆ ಹೇಳುತ್ತೇನೆ. ಆ ಭಾಷೆಯಲ್ಲಿ ಬರೆಯುವಾಗ ಪದದ ಒಂದೊಂದು ತುಣುಕಿನ ನಡುವೆಯೂ ಜಾಗ ಬಿಡುತ್ತಾರೆ. ಯಾವ ತುಣುಕು ಯಾವುದರ ಜೊತೆ ಸೇರಿ ಒಂದು ಪದವಾಗುತ್ತದೆ ಎಂಬುದು ಓದುವ ಮನುಷ್ಯರಿಗೆ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಅದಕ್ಕೆ ಭಾಷೆ ಬಲ್ಲವರು ಅಚ್ಚಾದ ಹಾಳೆಯ ಮೇಲೆ ಪೆನ್ಸಿಲ್ಲಿನಲ್ಲಿ ಬಾಗಿದ ಗೆರೆ ಎಳೆದು, ಹೂ ಕಟ್ಟಿದ ಹಾಗೆ, ತುಣುಕುಗಳನ್ನು ಕೂಡಿಸಬೇಕು. ಒಂದು ಹಾಳೆಗೆ ಎರಡು ಪ್ರತಿ. ಇಬ್ಬರು ಬೇರೆ ಬೇರೆ ಕೂತು, ಒಬ್ಬರದನ್ನು ಒಬ್ಬರು ನೋಡದೆ ಗುರುತು ಹಾಕಬೇಕು. ಎರಡೂ ಹೊಂದಿಕೊಂಡರೆ ಕೆಲಸ ಸರಿಯಾಗಿದೆ ಎಂದು ನಂಬಬಹುದು. ಇಡೀ ಕೆಲಸದ ಪ್ರಾಣ ಇರುವುದೇ ಆ ನೋಡದೆ ಇರುವುದರಲ್ಲಿ ಎಂದು ನಮ್ಮ ಯಜಮಾನರು ನನಗೆ ಹೇಳಿದ್ದರು.

ಈ ಕೆಲಸಕ್ಕೆ ಮೂವರನ್ನು ತೆಗೆದುಕೊಂಡಿದ್ದರು. ಹತ್ತಿರದ ಫಾಲ್ಸ್ ಚರ್ಚ್ ಎಂಬ ಊರಿನ ಕಡೆ ವಿಯೆಟ್ನಾಮಿನವರು ಬಹಳ ಜನ ಇದ್ದಾರೆ, ಮೂವರೂ ಅಲ್ಲಿಯವರೇ. ಹಿರಿಯರು ಥಾನ್, ಅರವತ್ತರ ಹತ್ತಿರ, ಸೈಗಾನಿನಲ್ಲಿ ಹೈಸ್ಕೂಲಿನಲ್ಲಿ ಭಾಷೆ ಕಲಿಸುತ್ತಿದ್ದವರು. ಇನ್ನಿಬ್ಬರು ಲಾನ್ ಮತ್ತು ಮಾಯ್, ನನ್ನ ವಯಸ್ಸಿನ ಹೆಂಗಸರು, ಹುಡುಗಿಯರಾಗಿದ್ದಾಗ ಅವರ ತರಗತಿಯಲ್ಲೇ ಕೂತು ಕಲಿತವರು. ಇಬ್ಬರೂ ಥಾನ್ ಅವರನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಥೇಯ್ ಎನ್ನುತ್ತಿದ್ದರು. ಹಾಗೆಂದರೆ ಮೇಷ್ಟ್ರು ಎಂದು ಲಾನ್ ನನಗೆ ಹೇಳಿಕೊಟ್ಟಳು. ಸಾಹೇಬರಿಗೆ ಮೂವರ ಹೆಸರೂ ನಾಲಿಗೆಗೆ ಹತ್ತಲಿಲ್ಲ, ಹತ್ತಿಸಿಕೊಳ್ಳುವ ಪ್ರಯತ್ನವನ್ನೂ ಮಾಡಲಿಲ್ಲ. ಹಾಳೆ ಹಾಕಿ ಕೊಡುವ ಕವರುಗಳ ಮೇಲೆ ಎ, ಬಿ, ಸಿ ಎಂದು ಬರೆದಿದ್ದರಿಂದ ಮನುಷ್ಯರನ್ನೂ ಹಾಗೇ ಕರೆದರು. ಮಿಸ್ಟರ್ ಎ. ಮಿಸ್ ಬಿ. ಮಿಸ್ ಸಿ. ವಿಯೆಟ್ನಾಂ ಭಾಷೆಯ ಒಂದಕ್ಷರ ಬರುವುದಿಲ್ಲ ಎನ್ನುವುದೇ ಅವರ ಹೆಮ್ಮೆ. "ಭಾಷೆ ಬಂದ್ರೆ ಅದರೊಳಗೆ ಸಿಕ್ಕಿಹಾಕ್ಕೊಂಡ್‌ಬಿಡ್ತೀವಿ. ನಾನು ಮೇಲಿಂದ ನೋಡ್ತೀನಿ" ಎನ್ನುತ್ತಿದ್ದರು. ಮೇಲಿಂದ ನೋಡುವುದೆಂದರೆ ಯಾರು ಎಷ್ಟು ಹಾಳೆ ಮುಗಿಸಿದರು ಎಂದು ನೋಡುವುದು.

ಆಫೀಸಿನಲ್ಲಿ ಆಗ ಆ ಮೂವರಿಗೆ ಮೇಜು ಇರಲಿಲ್ಲ. ಹಾಳೆಗಳನ್ನು ಮನೆಗೆ ಒಯ್ದು ಗುರುತು ಹಾಕಿ ತರುತ್ತಿದ್ದರು. ಎಲ್ಲಿಗೆ ತರುವುದು? ಸಾಹೇಬರು ನನ್ನ ಕಡೆ ತಿರುಗಿ, "ನೀವು ಹೇಗೂ ಮನೇಲೇ ಇರ್ತೀರಲ್ಲ" ಅಂದರು. ಈ ಮಾತನ್ನು ಅವರ ಬಾಯಿಂದ ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಅಲ್ಲಿಂದ ಸೋಮವಾರ, ಗುರುವಾರ ಬೆಳಗ್ಗೆ ಕಂದು ಕವರುಗಳು ನಮ್ಮ ಊಟದ ಮೇಜಿಗೆ ಬಂದವು. ನಾನು ಒಂದು ನೋಟ್‌ಬುಕ್ ಇಟ್ಟೆ. ತಾರೀಕು, ಕವರಿನ ಅಕ್ಷರ, ಹಾಳೆ ಎಷ್ಟು, ಕೊನೆಗೆ ಷರಾ. ನಮ್ಮ ಕಾನ್ವೆಂಟಿನ ಸಿಸ್ಟರ್ ಹಾಜರಿ ಪುಸ್ತಕದಲ್ಲೂ ಷರಾ ಬರೆಸುತ್ತಿದ್ದರು. ಯಾರು ಬರಲಿಲ್ಲ ಅನ್ನುವುದಕ್ಕಿಂತ ಯಾಕೆ ಬರಲಿಲ್ಲ ಅನ್ನುವುದು ದೊಡ್ಡದು ಅನ್ನುವುದು ಅವರ ಪಾಠ. ಅವರು ಕಲಿಸಿದ ದುಂಡು ಇಂಗ್ಲಿಷಿನಲ್ಲೇ ಬರೆಯುತ್ತಿದ್ದೆ. ಮಳೆ, ಕವರ್ ಒದ್ದೆ. ಸಿ ಕವರ್ ಮೇಲೆ ಟೀ ಕಲೆ. ಮೂವರೂ ಒಂದೇ ಕಾರಿನಲ್ಲಿ ಬಂದರು.

ಮೂವರೂ ಯಾವಾಗಲೂ ಒಂದೇ ಕಾರಿನಲ್ಲಿ ಬರುತ್ತಿದ್ದರು, ಥಾನ್ ಅವರ ಹಳೇ ಕಾರಿನಲ್ಲಿ. ಥಾನ್ ಕವರನ್ನು ಎರಡೂ ಕೈಯಲ್ಲಿ ಹಿಡಿದು ಕೊಡುತ್ತಿದ್ದರು, ಎರಡೂ ಕೈಯಲ್ಲಿ ತೆಗೆದುಕೊಳ್ಳುತ್ತಿದ್ದರು. ಮೊದಲ ದಿನ ಒಂದು ಬಿಸಿನೆಸ್ ಕಾರ್ಡನ್ನೂ ಹಾಗೇ ಕೊಟ್ಟರು. ಅವರ ಹೆಸರು, ಕೆಳಗೆ ಲಿಂಗ್ವಿಸ್ಟ್, ಭಾಷಾತಜ್ಞ, ಎಂದು. ಅಮೆರಿಕಕ್ಕೆ ಬಂದ ಮೇಲೆ ಎರಡು ವರ್ಷ ಒಂದು ಹೋಟೆಲಿನಲ್ಲಿ ತಟ್ಟೆ ತೊಳೆದಿದ್ದರಂತೆ. ಇಲ್ಲಿ ಒಂದು ಕಂಪನಿ ತಮ್ಮ ಹೆಸರನ್ನು ಅಚ್ಚು ಹಾಕಿಸಿ ಕೊಟ್ಟದ್ದು ಇದೇ ಮೊದಲು ಎಂದು, ಹೆಮ್ಮೆಗಿಂತ ಹೆಚ್ಚು ಆಶ್ಚರ್ಯದಿಂದ ಹೇಳಿದರು. ಆ ಕಾರ್ಡು ನನ್ನ ಅಡುಗೆಮನೆಯ ಡ್ರಾಯರಿನಲ್ಲಿದೆ.

ಪ್ರತಿ ಹಾಳೆಯ ಒಂದು ಪ್ರತಿ ಎ ಕವರಿಗೆ ಹೋಗುತ್ತಿತ್ತು, ಇನ್ನೊಂದು ಬಿ ಅಥವಾ ಸಿ ಕವರಿಗೆ. ಥಾನ್ ಅವರದು ಚುರುಕು ಕೈ ಎಂದು ಸಾಹೇಬರು ಹಾಗೆ ಏರ್ಪಾಡು ಮಾಡಿದ್ದರು. ಎರಡು ತಿಂಗಳಲ್ಲಿ ಸಾಹೇಬರ ಎದೆ ಉಬ್ಬಿತು. ತಮ್ಮ ಟೀಮಿನಲ್ಲಿ ಇಬ್ಬರ ಗುರುತೂ ಕೂದಲೆಳೆ ತಪ್ಪದೆ ಹೊಂದುತ್ತದೆ, ಬೇರೆ ಭಾಷೆಗಳ ಮ್ಯಾನೇಜರುಗಳು ಇದನ್ನು ಕೇಳಿ ಬೆರಗಾಗಿದ್ದಾರೆ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿದರು. ನನಗೂ ಹೇಳಿದರು, ಸಾರಿನ ಪಾತ್ರೆಯ ಮುಚ್ಚಳ ಕೈಯಲ್ಲಿ ಹಿಡಿದುಕೊಂಡೇ.

ಅದನ್ನು ಸಂಭ್ರಮಿಸಲು ಟೀಮಿಗೆ ಒಂದು ಊಟ ಹಾಕಬೇಕು ಅನಿಸಿತು ಅವರಿಗೆ. ಎಲ್ಲಿ ಎಂದು ಹೇಳಬೇಕಾಗಿಲ್ಲ. ನಾನು ಬಿಸಿಬೇಳೆ ಭಾತ್, ಕೋಸಂಬರಿ, ಒಬ್ಬಟ್ಟು ಮಾಡಿದೆ. ಥಾನ್ ಕೋಸಂಬರಿಯ ಹೆಸರುಬೇಳೆಯನ್ನು ಚಮಚದಲ್ಲಿ ಎತ್ತಿ ನೋಡಿ, ಇದು ನಮ್ಮಲ್ಲೂ ಇದೆ, ಆದರೆ ನಾವು ಸಿಹಿ ಮಾಡುತ್ತೇವೆ ಅಂದರು. ಲಾನ್, ಮಾಯ್ ಇಬ್ಬರೂ ಥಾನ್ ಮೊದಲ ತುತ್ತು ಇಡುವವರೆಗೆ ತಟ್ಟೆ ಮುಟ್ಟಲಿಲ್ಲ. ನಾನು ಅದನ್ನು ನೋಡಿದೆ. ಸಾಹೇಬರು ಆಗಲೇ ಎರಡನೇ ಸಲ ಬಡಿಸಿಕೊಳ್ಳುತ್ತಿದ್ದರು.

ಊಟದ ಮಧ್ಯೆ ಸಾಹೇಬರಿಗೆ ತಮ್ಮ ಹೈಸ್ಕೂಲ್ ಮೇಷ್ಟ್ರ ನೆನಪಾಯಿತು. ಹಿಂದಿನ ಬೇಸಿಗೆಯಲ್ಲಿ ಮೈಸೂರಿಗೆ ಹೋದಾಗ ಹಳೇ ವಿದ್ಯಾರ್ಥಿಗಳೆಲ್ಲ ಸೇರಿ ಅವರಿಗೆ ಹಾರ ಹಾಕಿದರಂತೆ. ಎಂಜಿನಿಯರುಗಳು, ಡಾಕ್ಟರುಗಳು, ಎಲ್ಲ ಚಾಪೆಯ ಮೇಲೆ. ಮೇಷ್ಟ್ರು ಮಾತಾಡುತ್ತಾ ಯಾವುದೋ ಲೆಕ್ಕದ ಸೂತ್ರ ಹೇಳಿದರು, ಪೂರ್ತಿ ತಪ್ಪು. ಅಷ್ಟೂ ಜನ ತಲೆಯಾಡಿಸಿದರು. ಒಬ್ಬರೂ ತಿದ್ದಲಿಲ್ಲ. ತಿದ್ದುವುದುಂಟೇ, ಗುರುಗಳಲ್ಲವೇ ಎಂದು ಸಾಹೇಬರು ಕಣ್ಣೊರೆಸಿಕೊಂಡರು. ಅಮೆರಿಕದವರಿಗೆ ಇದು ಅರ್ಥವಾಗುವುದಿಲ್ಲ, ನಿಮಗೆ ಅರ್ಥವಾಗುತ್ತದೆ ಎಂದು ಆ ಮೂವರಿಗೆ ಹೇಳಿದರು.

ಥಾನ್ ಚಮಚ ಕೆಳಗಿಟ್ಟರು. ಅವರ ಇಂಗ್ಲಿಷ್ ನಿಧಾನ, ಆದರೆ ಒಂದೊಂದು ಮಾತೂ ಸ್ಪಷ್ಟ. "ಸರ್, ಇವರಿಬ್ಬರೂ ನನ್ನ ವಿದ್ಯಾರ್ಥಿಗಳು. ನನ್ನ ಗುರುತಿಗೆ ವಿರುದ್ಧವಾಗಿ ಇವರು ಗುರುತು ಹಾಕುವುದಿಲ್ಲ. ಹಾಕಿ ಎಂದು ನಾನೇ ಹೇಳಿದರೂ ಹಾಕುವುದಿಲ್ಲ. ದಯವಿಟ್ಟು ಇವರನ್ನು ನನ್ನ ಜೊತೆ ಜೋಡಿ ಮಾಡಬೇಡಿ. ನನ್ನನ್ನು ಅರಿಯದವರು ಯಾರಿಗಾದರೂ ನನ್ನ ಹಾಳೆ ಕೊಡಿ."

ಅಲ್ಲಿದ್ದವರಲ್ಲಿ ಅರ್ಥವಾಗದವರು ಯಾರೂ ಇರಲಿಲ್ಲ. ಆಗ ತಾನೇ ಚಾಪೆಯ ಕಥೆ ಹೇಳಿ ಕಣ್ಣೊರೆಸಿಕೊಂಡ ಮನುಷ್ಯನಿಗೆ ಅರ್ಥವಾಗದೆ ಇರುವುದು ಸಾಧ್ಯವೇ ಎಂದು ನಾನು ಕಾಫಿಯ ಲೋಟ ಹಿಡಿದು ನಿಂತೆ. ಸಾಹೇಬರು ನಕ್ಕರು. ಟೀಮೆಲ್ಲ ಒಂದೇ ಮಾತು ಆಡುತ್ತದೆ ಅಂದರೆ ಅದು ಲೀಡರ್‌ಶಿಪ್ಪು, ಚಿಂತೆ ಮಾಡಬೇಡಿ ಮಿಸ್ಟರ್ ಎ ಎಂದು ಅವರ ಭುಜ ತಟ್ಟಿದರು. ಆಮೇಲೆ ನಮ್ಮ ಯಜಮಾನರ ಕಡೆ ತಿರುಗಿ ಕನ್ನಡದಲ್ಲಿ, "ನೋಡಪ್ಪಾ, ಒಪ್ಪಿಗೆ ಜಾಸ್ತಿ ಆಯ್ತು ಅಂತ ಕಂಪ್ಲೇಂಟ್ ಮಾಡೋ ಮನುಷ್ಯನ್ನ ಇವತ್ತೇ ನೋಡ್ತಿರೋದು" ಅಂದರು. ನಮ್ಮ ಯಜಮಾನರು ತಟ್ಟೆ ನೋಡಿಕೊಂಡರು. ಸಾಹೇಬರು ಇನ್ನೊಂದು ಒಬ್ಬಟ್ಟು ಕೇಳಿದರು, ತುಪ್ಪ ಜಾಸ್ತಿ ಇರಲಿ ಎಂದರು.

ಆ ದಿನ ಕವರು ಬಂದಿರಲಿಲ್ಲ, ಆದರೂ ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ ಷರಾ ಬರೆದೆ. ಲಾನ್, ಮಾಯ್ ತಮ್ಮ ವಿದ್ಯಾರ್ಥಿಗಳು, ತಮ್ಮ ಜೊತೆ ಜೋಡಿ ಮಾಡಬೇಡಿ ಎಂದು ಥಾನ್ ಅವರು ಊಟದ ಮೇಜಿನಲ್ಲಿ ಸರ್‌ಗೆ ಹೇಳಿದರು. ಚಿಂತೆ ಬೇಡ ಎಂದು ಸರ್ ಅಂದರು. ಯಾಕೆ ಬರೆದೆನೋ. ಸಿಸ್ಟರ್ ಕಲಿಸಿದ ಕೈ.

ಕೆಲವು ವಾರಗಳ ನಂತರ ಒಂದು ಗುರುವಾರ ಕವರು ಹೊಂದಿಸುವಾಗ ನನ್ನ ಕಣ್ಣಿಗೆ ಒಂದು ಹಾಳೆ ಬಿತ್ತು. ಕೊನೆಯ ಎರಡು ಸಾಲಿಗೆ ಥಾನ್ ಗುರುತೇ ಹಾಕಿರಲಿಲ್ಲ. ಅವರಿಗೆ ಕಣ್ಣಿನ ಪೊರೆ ಶುರುವಾಗಿತ್ತು, ಹಾಳೆಯ ತುದಿ ತಪ್ಪಿಹೋಗಿತ್ತು. ಲಾನ್ ಹಾಳೆಯಲ್ಲೂ ಅವೇ ಎರಡು ಸಾಲು ಖಾಲಿ. ನಾನು ಬೆರಳಿಟ್ಟು ತೋರಿಸಿದೆ. ಲಾನ್ ನೋಡಿ, ಹೌದು, ನನಗೂ ಕಂಡಿತ್ತು ಅಂದಳು. ಥೇಯ್ ಬಿಟ್ಟಿದ್ದಾರೆ ಎಂದರೆ ಅದಕ್ಕೊಂದು ಕಾರಣ ಇರುತ್ತದೆ, ಅದು ತನಗೆ ತಿಳಿಯದೆ ಇರಬಹುದು ಎಂದಳು. ಮೂವರೂ ಥಾನ್ ಅವರ ಅಡುಗೆಮನೆಯ ಒಂದೇ ಮೇಜಿನಲ್ಲಿ ಕೂತು ಕೆಲಸ ಮಾಡುತ್ತಿದ್ದರು. ಅವರು ಮುಗಿಸಿದ ಹಾಳೆ ಅಲ್ಲೇ ಇರುತ್ತಿತ್ತು. ಕದ್ದು ನೋಡುವ ಪ್ರಶ್ನೆಯೇ ಇಲ್ಲ. ಮೇಷ್ಟ್ರದ್ದನ್ನು ನೋಡದೆ ತಮ್ಮದೇ ಹಾಕಿದರೆ ಅದೇ ಅವರಿಗೆ ಕಳ್ಳತನ.

ಇಂಥದ್ದನ್ನು ಹುಡುಕಿ ತೆಗೆದದ್ದು ನಾರ್ತ್ ಕೆರೊಲಿನಾದ ಒಬ್ಬ ಪ್ರೊಫೆಸರಮ್ಮ. ಕೆಲಸ ಪರೀಕ್ಷಿಸಲು ಕಾಂಟ್ರಾಕ್ಟು ಕೊಟ್ಟವರು ಅವರನ್ನು ನೇಮಿಸಿದ್ದರು. ಇಬ್ಬರ ಸರಿ ಹೊಂದುವುದು ಸಹಜ, ಇಬ್ಬರ ತಪ್ಪೂ ಇಷ್ಟು ಹೊಂದುವುದು ಹೇಗೆ ಎಂದು ಅವರು ಬರೆದು ಕೇಳಿದರು. ನಮ್ಮ ಯಜಮಾನರು ಆ ಸಂಜೆ ಮನೆಗೆ ಬಂದವರು ಟೈ ಕೂಡ ಬಿಚ್ಚದೆ ಕೂತರು.

ಮರುದಿನ ಬೆಳಗ್ಗೆ ಸಾಹೇಬರು ಬಾಗಿಲಲ್ಲಿ ನಿಂತಿದ್ದರು. ಬೂಟು ಬಿಚ್ಚಲಿಲ್ಲ. ನೋಟ್‌ಬುಕ್ ಕೊಡಿ ಅಂದರು. ಮೂವರೂ ಒಟ್ಟಿಗೆ ಬರುತ್ತಿದ್ದರು ಎಂದು ಅದರಲ್ಲಿ ಇದೆಯಲ್ಲ, ಅದು ಬೇಕಂತೆ.

"ಕಾಪಿ ಹೊಡ್ದಿದಾರೆ ಕಣಮ್ಮಾ. ನನ್ನ ಕಣ್ಣಿಗೆ ಮಣ್ಣು."

ನನಗೆ ದನಿ ಎತ್ತಿ ಮಾತಾಡಿ ಗೊತ್ತಿಲ್ಲ. ಆದರೂ ಹೇಳಿದೆ. "ಥಾನ್ ಅವ್ರು ಅವತ್ತು ಊಟಕ್ಕೆ ಕೂತಾಗ ನಿಮಗೆ ಹೇಳಿದ್ರಲ್ಲ."

ಸಾಹೇಬರು ನನ್ನನ್ನು ಮೊದಲ ಸಲ ನೋಡುವ ಹಾಗೆ ನೋಡಿದರು. "ನೀವು ಅವಾಗ ಒಳಗಡೆ ಕಾಫಿ ಸೋಸ್ತಾ ಇದ್ರಿ" ಅಂದರು.

ಒಂದು ಕೈ ಚಾಚಿದರು. ನಾನು ನೋಟ್‌ಬುಕ್ ಕೊಟ್ಟೆ. ನಿಜ ಹೇಳುತ್ತೇನೆ, ಸಮಾಧಾನದಿಂದಲೇ ಕೊಟ್ಟೆ. ಅದರಲ್ಲಿ ಬರೆದಿದೆ, ತಾರೀಕಿದೆ, ಓದುತ್ತಾರೆ, ನೆನಪಾಗುತ್ತದೆ, ಥಾನ್ ಅವರ ಕೆಲಸ ಉಳಿಯುತ್ತದೆ ಅಂದುಕೊಂಡೆ.

ಉಳಿಯಲಿಲ್ಲ. ಮೂವರನ್ನೂ ತೆಗೆಯುವುದೋ ಒಬ್ಬರನ್ನು ತೆಗೆಯುವುದೋ ಎಂಬ ಮಾತು ಬಂದಾಗ ಥಾನ್ ತಾವೇ ಎದ್ದು, ನಾನು ಹೇಳಿದ ಹಾಗೆ ಅವರು ಮಾಡಿದರು, ಅವರ ತಪ್ಪಿಲ್ಲ ಎಂದರಂತೆ. ಸಾಹೇಬರು ಅದನ್ನು ಹಾಗೇ ಬರೆದು ಸಹಿ ಹಾಕಿಸಿಕೊಂಡರು. ತಮಗೆ ಎರಡು ತಿಂಗಳ ಹಿಂದೆಯೇ ಎಚ್ಚರಿಕೆ ಸಿಕ್ಕಿತ್ತು ಎಂಬ ಮಾತು ಆ ಕಾಗದದಲ್ಲಿ ಎಲ್ಲೂ ಇರಲಿಲ್ಲ. ನೀವಾದರೂ ಬಾಯಿ ಬಿಡಬಾರದಿತ್ತೇ ಎಂದು ನಾನು ನಮ್ಮ ಯಜಮಾನರನ್ನು ಕೇಳಿದೆ. ನಮ್ಮ ಗ್ರೀನ್ ಕಾರ್ಡಿನ ಕಾಗದ ಸಾಹೇಬರ ಮೇಜಿನ ಮೇಲಿದೆ ಎಂದು ಮಾತ್ರ ಹೇಳಿದರು. ಆಮೇಲೆ ನಾನೂ ಕೇಳಲಿಲ್ಲ. ನಾನೂ ಸುಮ್ಮನಿದ್ದವಳೇ.

ಮುಂದಿನ ಸೋಮವಾರದಿಂದ ಲಾನ್ ಎ ಆದಳು, ಮಾಯ್ ಬಿ ಆದಳು. ಕವರಿನ ಮೇಲೆ ಹೊಸ ಅಕ್ಷರ ಬರೆದು ಕಳಿಸಿದ್ದರು. ಲಾನ್ ಆ ಎ ನೋಡಿ ಕವರನ್ನು ಮಗುಚಿ ಹಿಡಿದುಕೊಂಡಳು.

ಆ ವಾರವೇ ಥಾನ್ ಒಬ್ಬರೇ ಬಂದಿದ್ದರು. ಊಟದ ದಿನ ನಾನು ಒಬ್ಬಟ್ಟು ತುಂಬಿ ಕೊಟ್ಟಿದ್ದ ಡಬ್ಬಿ ತಂದಿದ್ದರು, ಎರಡೂ ಕೈಯಲ್ಲಿ. ಮುಚ್ಚಳ ತೆಗೆದರೆ ಹೆಸರುಬೇಳೆಯ ಸಿಹಿ. ಖಾಲಿ ಡಬ್ಬಿ ಹಿಂದಕ್ಕೆ ಕೊಡಬಾರದು ಎಂದು ಅವರಲ್ಲೂ ಇದೆ. ಹೊರಡುವಾಗ, ನಾನು ಮೊದಲು ಕೊಟ್ಟ ಕಾರ್ಡು ನಿಮ್ಮಲ್ಲಿದ್ದರೆ ಕೊಡಿ ಅಂದರು. ಅದರಲ್ಲಿ ಬರೆದದ್ದು ಈಗ ಸುಳ್ಳಾಗಿದೆ, ಸುಳ್ಳನ್ನು ನಿಮ್ಮ ಮನೆಯಲ್ಲಿ ಇಡುವುದು ಸರಿಯಲ್ಲ ಎಂದರು. ಎಲ್ಲಿಟ್ಟೆನೋ ಗೊತ್ತಿಲ್ಲ ಎಂದುಬಿಟ್ಟೆ. ಡ್ರಾಯರಿಗೆ ಒರಗಿಕೊಂಡೇ ನಿಂತಿದ್ದೆ.

ಅದಾಗಿ ಮೂರು ವರ್ಷ. ಈ ಮೂರು ವರ್ಷವೂ ನಾನು ಸಾಹೇಬರಿಗೆ ಕಾಫಿ ಕೊಟ್ಟಿದ್ದೇನೆ, ಡಬ್ಬಿ ತುಂಬಿದ್ದೇನೆ. ಹೇಗೆ ಸಾಧ್ಯವಾಯಿತು ಎಂದರೆ, ಅವರು ದಡ್ಡರು ಎಂದು ತೀರ್ಮಾನ ಮಾಡಿಕೊಂಡಿದ್ದೆ. ನೋಟ್‌ಬುಕ್ಕಿನಲ್ಲಿ ತಾರೀಕು, ಅಕ್ಷರ ನೋಡಿದ್ದಾರೆ, ಷರಾ ಓದಿಲ್ಲ. ಮೇಲಿಂದ ನೋಡುವವರಿಗೆ ಷರಾ ಕಾಣುವುದಿಲ್ಲ. ದಡ್ಡರ ಮೇಲೆ ಎಷ್ಟು ಅಂತ ಕೋಪ ಮಾಡಿಕೊಳ್ಳುವುದು?

ಹೋದ ತಿಂಗಳು ಮನೆ ಖಾಲಿ ಮಾಡುವಾಗ ಅವರು ಒಂದು ರಟ್ಟಿನ ಪೆಟ್ಟಿಗೆ ತಂದು ನಮ್ಮ ಬಾಗಿಲಲ್ಲಿಟ್ಟರು. ನಿಮ್ಮ ಸಾಮಾನು ಅಂದರು. ನನ್ನ ಸ್ಟೀಲ್ ಡಬ್ಬಿಗಳು, ಎಲ್ಲ ಖಾಲಿ, ಎರಡಕ್ಕೆ ಮುಚ್ಚಳ ಇಲ್ಲ. ಎಲ್ಲಕ್ಕಿಂತ ಕೆಳಗೆ ನೋಟ್‌ಬುಕ್.

ಕೂತು ಮೊದಲಿನಿಂದ ಪುಟ ತಿರುವಿದೆ. ಮೂವರೂ ಒಂದೇ ಕಾರಿನಲ್ಲಿ ಬಂದರು ಎಂಬ ಷರಾಗಳಿಗೆಲ್ಲ ಕೆಂಪು ಟಿಕ್. ಮಳೆಗೆ, ಟೀ ಕಲೆಗೆ ಇಲ್ಲ. ಊಟದ ದಿನದ ಪುಟಕ್ಕೆ ಬಂದೆ. ಥಾನ್ ಅವರು ಸರ್‌ಗೆ ಹೇಳಿದರು ಎಂಬ ಸಾಲಿನ ಪಕ್ಕ, ನೇರವಾಗಿ, ಸ್ಪಷ್ಟವಾಗಿ, ಒಂದು ಕೆಂಪು ಟಿಕ್.

ಅವತ್ತು ಸಂಜೆಯ ಅಡುಗೆ ಮಾಡಲಿಲ್ಲ. ಶ್ರುತಿಗೆ ಪಿಜ್ಜಾ ತರಿಸಿಕೊಟ್ಟೆವು.

ನಮ್ಮ ಗ್ರೀನ್ ಕಾರ್ಡು ಬಂದು ಒಂದು ವರ್ಷವಾಯಿತು. ಮಾರನೇ ದಿನ ನಾನೇ ಡ್ರೈವ್ ಮಾಡಿಕೊಂಡು ಫಾಲ್ಸ್ ಚರ್ಚಿಗೆ ಹೋದೆ. ಥಾನ್ ಈಗ ಒಂದು ಫೋಟೊಕಾಪಿ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ಅಲ್ಲೇ ನಿಂತು ಪುಟ ತೋರಿಸಿದೆ. ಅವರು ಕನ್ನಡಕ ಹಣೆಗೆ ಏರಿಸಿ, ನೋಟ್‌ಬುಕ್ಕನ್ನು ಕಣ್ಣಿನ ಹತ್ತಿರ ತಂದು ಓದಿದರು. ಬಹಳ ಹೊತ್ತು ಟಿಕ್ ನೋಡಿದರು. ನಾನೂ ಇಪ್ಪತ್ತು ವರ್ಷ ಕೆಂಪು ಪೆನ್ ಹಿಡಿದವನು, ಆಯಾಸವಾದಾಗ ಓದದೆಯೂ ಟಿಕ್ ಹಾಕಿದ್ದೇನೆ ಅಂದರು. ಸಾಹೇಬರಿಗೆ ಒಂದು ದಾರಿ ಬಿಡುತ್ತಿದ್ದಾರೆ ಎಂದು ಗೊತ್ತಾಯಿತು. ನಾನು ಹಿಂದಿನ ಪುಟಗಳನ್ನು ತೆಗೆದು, ಟಿಕ್ ಇಲ್ಲದ ಮಳೆಯನ್ನು, ಟಿಕ್ ಇಲ್ಲದ ಟೀ ಕಲೆಯನ್ನು ಒಂದೊಂದಾಗಿ ತೋರಿಸಿದೆ. ಅವರು ಕನ್ನಡಕ ಇಳಿಸಿದರು.

"ಹಾಗಾದರೆ ಓದಿದ್ದಾರೆ" ಅಂದರು. ಅಷ್ಟೇ.

ಆ ಒಂದು ಪುಟದ ಎರಡು ಪ್ರತಿ ಮಾಡಿಕೊಂಡರು, ಲಾನ್‌ಗೆ ಒಂದು, ಮಾಯ್‌ಗೆ ಒಂದು. ತಮ್ಮಿಂದ ಮೇಷ್ಟ್ರ ಕೆಲಸ ಹೋಯಿತು ಎಂದು ಆ ಹುಡುಗಿಯರು ಮೂರು ವರ್ಷದಿಂದ ಹೊಸ ವರ್ಷದ ದಿನ ಪದ್ಧತಿಯಂತೆ ಮೇಷ್ಟ್ರ ಮನೆಗೆ ಬಂದರೂ ತಲೆ ಎತ್ತಿ ಮಾತಾಡಿಲ್ಲವಂತೆ. ನೋಟ್‌ಬುಕ್ಕನ್ನು ನನಗೆ ಎರಡೂ ಕೈಯಲ್ಲಿ ಹಿಂದಿರುಗಿಸಿದರು. ನಾನೂ ಎರಡೂ ಕೈಯಲ್ಲಿ ತೆಗೆದುಕೊಂಡೆ. ಕಾರ್ಡಿನ ವಿಷಯ ಇಬ್ಬರೂ ಎತ್ತಲಿಲ್ಲ.

ಪತ್ರಿಕೆಯವರು ಕೇಳಿದ್ದು ನಾಲ್ಕು ಒಳ್ಳೆಯ ಮಾತು. ಬಾಗಿಲಲ್ಲಿ ಬೂಟು ಬಿಡುತ್ತಿದ್ದರು ಎಂದು ಬರೆದಿದ್ದೇನೆ, ಅದೊಂದು. ಕೊಟ್ಟದ್ದನ್ನು ತಪ್ಪದೆ ಓದುತ್ತಿದ್ದರು, ಅದು ಇನ್ನೊಂದು. ಉಳಿದ ಎರಡು ನನಗೆ ಸಿಗಲಿಲ್ಲ. ಅಚ್ಚಾದರೆ ಈ ಸಂಚಿಕೆ ಅಂಚೆಯಲ್ಲಿ ಅಟ್ಲಾಂಟಾಗೂ ಹೋಗುತ್ತದೆ. ಹೆಸರು ಹಾಕಿಲ್ಲ. ಓದುವಾಗ ಅವರ ಕೈಯಲ್ಲಿ ಕೆಂಪು ಪೆನ್ ಇರುತ್ತದೆ. ಯಾವ ಸಾಲಿಗೆ ಟಿಕ್ ಹಾಕಬೇಕು ಎಂದು ಅವರಿಗೆ ಗೊತ್ತಾಗುತ್ತದೆ.